ಆಚೆ ದಡದವಳು

ನಮ್ಮ ಯಜಮಾನರು ರಾಜ್ಯೋತ್ಸವದ ಕವಿಗೋಷ್ಠಿಯಲ್ಲಿ ಪದ್ಯ ಓದುತ್ತಾರೆ ಎಂದಾಗ ಅದು ಯಾವುದೋ ತಾಯಿಯ ಮೇಲೆ ಇರುತ್ತದೆ ಎಂದುಕೊಂಡಿದ್ದೆ. ಹೂಟಗಳ್ಳಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ನವೆಂಬರ್ ತಿಂಗಳು ಶಾಮಿಯಾನ ಹಾಕಿದರೆ ಇನ್ನು ಯಾವುದರ ಮೇಲೆ ಓದುತ್ತಾರೆ? ಕನ್ನಡ ತಾಯಿ, ಕಾವೇರಿ ತಾಯಿ, ಚಾಮುಂಡಿ ತಾಯಿ, ಹೆತ್ತ ತಾಯಿ. ಈ ನಾಲ್ವರಲ್ಲಿ ಒಬ್ಬರು ಎಂದು ನಂಬಿಕೊಂಡೇ ನಾನು ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದು.

ನಮ್ಮವರ ಹೆಸರು ಸಿದ್ದಲಿಂಗಸ್ವಾಮಿ. ತಗಡು ಒತ್ತುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷದಿಂದ ಪ್ರೆಸ್ ಮಿಷಿನ್ ಮುಂದೆ ನಿಂತು ದುಡಿಯುವವರು. ಪದ್ಯ ಬರೆಯುವ ಚಟ ಮದುವೆಗೆ ಮುಂಚಿನದು. ಆದರೆ ಈಚೆಗೆ ಎರಡು ವರ್ಷದಿಂದ ಮಾತು ಕಡಿಮೆಯಾದಷ್ಟೂ ಪದ್ಯ ಜಾಸ್ತಿಯಾಗಿತ್ತು. ನಾನು ಸುಷ್ಮಾ. ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ನನ್ನ ಬಾಯಿ ಜೋರು. ಅದನ್ನು ನಾನೇ ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ.

ಅವರು ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು ಓದಿದರು.

ಕಡಲ ಕಂಡವನಲ್ಲ ನಾನು, ಕಡಲೇ ನನ್ನ ಹುಡುಕಿ ಬಂತು.
ಮೊದಲು ಬೆರಳುದ್ದ ಅಲೆ, ಆಮೇಲೆ ಆಳುದ್ದ,
ಈಗ ಉಣ್ಣುವಾಗಲೂ ಮೊರೆತ, ಮಲಗಿದರೂ ಮೊರೆತ.
ಆಚೆ ದಡದಲ್ಲೊಬ್ಬಳು ನಿಂತು ಕರೆಯುತ್ತಾಳೆ,
ಮೊಗ ಕಾಣುತ್ತದೆ, ಮಾತು ಮುಳುಗುತ್ತದೆ.
ಬಾ ಎನ್ನುವಳೋ, ಹೋಗೆನ್ನುವಳೋ ತಿಳಿಯದೆ
ಎಲ್ಲಕ್ಕೂ ಹೂಂ ಎನ್ನುತ್ತ ನಿಂತಿದ್ದೇನೆ.
ದಿನಕ್ಕೊಂದು ಗೇಣು ದಡ ದೂರ ಸರಿಯುತ್ತದೆ.
ಯಾರಿಗೆ ಹೇಳಲಿ, ಈ ಕಡಲಿಗೆ ನೀರೇ ಇಲ್ಲ.

ಜನ ಚಪ್ಪಾಳೆ ಹೊಡೆದರು. ಹಾಗೆ ಹೀಗೆ ಅಲ್ಲ, ಶಾಮಿಯಾನ ಹಾರಿಹೋಗುವಷ್ಟು. ನಾನು ಹೊಡೆಯಲಿಲ್ಲ. ನನ್ನ ತಲೆಯಲ್ಲಿ ಒಂದೇ ಸಾಲು ಸಿಕ್ಕಿಕೊಂಡಿತ್ತು. ಆಚೆ ದಡದಲ್ಲೊಬ್ಬಳು ನಿಂತು ಕರೆಯುತ್ತಾಳಂತೆ. ಯಾರವಳು?

ಗೋಷ್ಠಿಯ ಅಧ್ಯಕ್ಷತೆ ಹಿನಕಲ್ಲಿನ ಪ್ರೇಮಲೀಲಾ ಮೇಡಂ ಅವರದು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಕವಿಗೋಷ್ಠಿಯಲ್ಲಿ ಅಧ್ಯಕ್ಷರು ಪ್ರತಿ ಪದ್ಯಕ್ಕೂ ಒಂದು ಮಾತು ಹೇಳಬೇಕಲ್ಲ. ಮೇಡಂ ಕನ್ನಡಕ ತೆಗೆದು, "ಇಲ್ಲಿ ಕಡಲು ಅಂದ್ರೆ ಕಡಲಲ್ಲ. ಅದು ಇಂದಿನ ಮನುಷ್ಯನ ಒಂಟಿತನ. ಆಚೆ ದಡದ ಹೆಣ್ಣು ಕವಿಗೆ ಎಟುಕದ ಕಾವ್ಯಕನ್ನಿಕೆ. ನೀರಿಲ್ಲದ ಕಡಲು ಅನ್ನೋದಂತೂ ವಿರೋಧಾಭಾಸಕ್ಕೆ ಎಷ್ಟು ಚೆಂದದ ಉದಾಹರಣೆ!" ಎಂದರು. ನಮ್ಮವರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಇವರು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಏನನ್ನೋ ಕಾಯುತ್ತಿರುವವರ ಹಾಗೆ ನೋಡಿ, ಬುಟ್ಟಿ ಎತ್ತಿಕೊಂಡು ಇಳಿದು ಬಂದರು.

ಮನೆಗೆ ನಡೆಯುತ್ತ ದಾರಿಯಲ್ಲೇ ಕೇಳಿದೆ. "ಯಾರ್ರೀ ಅವಳು ಆಚೆ ದಡದವಳು?"

"ಹೂಂ" ಅಂದರು.

"ಹೂಂ ಅಂದ್ರೆ?"

"ಚೆನ್ನಾಗ್ ಬಂತು ಅಲ್ವಾ?" ಎಂದು ನಕ್ಕು ಬುಟ್ಟಿಯಿಂದ ಒಂದು ಕಿತ್ತಳೆಹಣ್ಣು ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಮೈಯೆಲ್ಲ ಉರಿದುಹೋಯಿತು.

ಇದು ಇವತ್ತು ನಿನ್ನೆಯ ಕತೆಯಲ್ಲ. ಎರಡು ವರ್ಷದಿಂದ ನನ್ನ ಯಾವ ಮಾತನ್ನೂ ಇವರು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಗ್ಯಾಸ್ ಮುಗಿದಿದೆ ಎಂದರೂ ಹೂಂ, ನಿಮ್ಮ ತಂಗಿ ಬರುತ್ತಾಳಂತೆ ಎಂದರೂ ಹೂಂ. ಜಗಳಕ್ಕೆ ನಿಂತರೆ ನನ್ನ ಬಾಯಿಯನ್ನೇ ದಿಟ್ಟಿಸಿ ನೋಡುತ್ತಿದ್ದರು, ಅಣಕಿಸುವವರ ಹಾಗೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು ನನ್ನ ಸಂಸಾರ. ಮಗಳು ಶಿವಾನಿ ಮಾತ್ರ ಅಪ್ಪನನ್ನು ಹೊಗಳುತ್ತಿದ್ದಳು. ಅವಳು ಪಕ್ಕದ ಕೋಣೆಯಿಂದಲೇ ಫೋನಿನಲ್ಲಿ ಮೆಸೇಜು ಹಾಕಿದರೆ ಮರುಗಳಿಗೆಗೆ ಉತ್ತರ ಬರುತ್ತಿತ್ತಂತೆ. ನನಗೆ ಮೆಸೇಜು ಹಾಕಿಕೊಂಡು ಸಂಸಾರ ಮಾಡುವ ಕರ್ಮ ಯಾಕೆ? ಕವಿಗಳು ಹಾಗೇ, ಅವರು ಈ ಲೋಕದಲ್ಲಿ ಇರುವುದಿಲ್ಲ ಎಂದು ಎಲ್ಲರೂ ನನಗೇ ಬುದ್ಧಿ ಹೇಳುತ್ತಿದ್ದರು. ಯಾವ ಲೋಕದಲ್ಲಿ ಇರುತ್ತಾರೆ ಎಂದು ಈಗ ಅವರೇ ಮೈಕು ಹಿಡಿದು ಹೇಳಿದ ಹಾಗಾಯಿತು.

ಮಾರನೆಯ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಿರಾಕಿಯೊಬ್ಬರ ಬ್ಲೌಸಿಗೆ ಎರಡೂ ಬಲಗೈ ತೋಳುಗಳನ್ನೇ ಹೊಲಿದು, ಬಿಚ್ಚಿ, ಮತ್ತೆ ಹಾಗೇ ಹೊಲಿದೆ. ಮಿಷಿನ್ ನಿಲ್ಲಿಸಿ ಶಿವಾನಿಯನ್ನು ಹಿಡಿದುಕೊಂಡೆ. ಅವಳು ಪಿ.ಯು.ಸಿ.ಯಲ್ಲಿ ಅಲಂಕಾರ ಓದುತ್ತಿದ್ದಾಳೆ.

"ನಿಮ್ಮಪ್ಪನ ಪದ್ಯದ ಅರ್ಥ ಹೇಳು."

"ಅಮ್ಮ, ಅದು ರೂಪಕ ಕಣಮ್ಮ. ಮುಖಕಮಲ ಅಂದ್ರೆ ಮುಖ ಉಪಮೇಯ, ಕಮಲ ಉಪಮಾನ. ಅಂದ್ರೆ ಹೇಳ್ಬೇಕಾಗಿರೋದು ಉಪಮೇಯ, ಹೋಲಿಸೋಕೆ ತಂದಿರೋದು ಉಪಮಾನ. ಅಪ್ಪನ ಪದ್ಯದಲ್ಲಿ ಕಡಲು ಉಪಮಾನ. ಉಪಮೇಯ ಏನು ಅಂತ ಅಪ್ಪ ಬಾಯೇ ಬಿಟ್ಟಿಲ್ಲ. ಬಚ್ಚಿಟ್ಟಿದಾರೆ."

"ಯಾಕೆ ಬಚ್ಚಿಡ್ತಾರೆ?"

"ಅದೇ ಪದ್ಯದ ಮಜಾ ಅಲ್ವಾ? ಬಚ್ಚಿಟ್ಟಿರೋದನ್ನ ನಾವು ಹುಡುಕ್ಬೇಕು."

"ಮಜಾನಾ? ಹೋಗು, ನಿನ್ನ ಕೋಣೆ ಗುಡಿಸು ಹೋಗು! ಹಂದಿಗೂಡಾಗಿದೆ!" ಎಂದು ಅವಳ ಮೇಲೆ ಹಾರಿಬಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಪಾಪ, ಅವಳು ಕಣ್ಣು ಬಿಟ್ಟುಕೊಂಡು ಎದ್ದು ಹೋದಳು. ನನಗೆ ಒಂದು ಮಾತು ಮಾತ್ರ ಸಿಕ್ಕಿತ್ತು. ಗಂಡ ಏನನ್ನೋ ಬಚ್ಚಿಟ್ಟಿದ್ದಾರೆ, ಅದಕ್ಕೆ ಉಪಮೇಯ ಎಂದು ಹೆಸರು. ಆ ಉಪಮೇಯ ಎಲ್ಲಿದ್ದಾಳೆ ಎಂದು ಹುಡುಕಬೇಕು.

ಮಾವನವರು ಕರಿಬಸವಯ್ಯ, ಮಠದ ಹಾಸ್ಟೆಲಿನಲ್ಲಿ ನಲವತ್ತು ವರ್ಷ ಮೇಲ್ವಿಚಾರಕರಾಗಿದ್ದವರು. ವಿಭೂತಿ ಇಲ್ಲದ ಹಣೆಯನ್ನು ನಾನು ಕಂಡಿಲ್ಲ. ಅವರನ್ನು ಕೇಳಿದೆ. ಅವರಿಗೆ ಹಿಗ್ಗೋ ಹಿಗ್ಗು.

"ಅಷ್ಟೂ ತಿಳಿಯಲ್ವೇನಮ್ಮ? ಕಡಲು ಅಂದ್ರೆ ಸಂಸಾರ. ಭವಸಾಗರ! ಅಲೆ ಅಂದ್ರೆ ಆಸೆ. ಆಚೆ ದಡ ಅಂದ್ರೆ ಮುಕ್ತಿ. ಅಲ್ಲಿ ನಿಂತು ಕರೀತಾ ಇರೋಳು ಸಾಕ್ಷಾತ್ ಚಿಚ್ಛಕ್ತಿ, ಶಿವನ ಶಕ್ತಿ. ನನ್ನ ಮಗ ಹಿಂಗೆ ಯೋಚ್ನೆ ಮಾಡ್ತಾನೆ ಅಂತ ನಂಗೇ ಗೊತ್ತಿರ್ಲಿಲ್ಲ."

"ಸಂಸಾರ ಬುಟ್ಟು ಹೋಗ್ತೀನಿ ಅಂತಾನಾ ಮಾವ ಅದರ ಅರ್ಥ?"

"ಅಲ್ಲ ಕಣಮ್ಮ, ಇದ್ದೂ ಇಲ್ಲದ ಹಂಗೆ ಇರೋದು. ನೋಡ್ತಾ ಇಲ್ವಾ ನೀನು? ಕರೆದ್ರೂ ಓಗೊಡಲ್ಲ, ಯಾರು ಏನಂದ್ರೂ ಕದಲಲ್ಲ. ಬೈದ್ರೂ ನಗ್ತಾನೆ. ಅದು ಯೋಗಿಯ ಲಕ್ಷಣ" ಎಂದು ಕಣ್ಣು ಮುಚ್ಚಿ ಕೈ ಮುಗಿದರು. ಮೈಸೂರಿನಲ್ಲಿ ಹುಟ್ಟಿ ಕೆ.ಆರ್.ಎಸ್. ಬಿಟ್ಟು ಬೇರೆ ದೊಡ್ಡ ನೀರನ್ನೇ ಕಾಣದ ಗಂಡಸು ಯೋಗಿಯಾಗಿ ಕಡಲು ದಾಟುತ್ತಾರಂತೆ. ಹಾಗಿದ್ದರೆ ದಾಟುವ ಮುಂಚೆ ನನಗೆ ಹೇಳಬೇಕೋ ಬೇಡವೋ?

ಬುಧವಾರ ಪಕ್ಕದ ಮನೆಯ ಯಶೋಧಾ ಬ್ಲೌಸ್ ಅಳತೆ ಕೊಡಲು ಬಂದಳು. ಅವಳಿಗೆ ಮಾನಸಗಂಗೋತ್ರಿಯಲ್ಲಿ, ವಿಶ್ವವಿದ್ಯಾಲಯದ ಆಫೀಸಿನಲ್ಲಿ ಅಟೆಂಡರ್ ಕೆಲಸ. ಟೇಪು ಅವಳ ತೋಳಿಗೆ ಸುತ್ತಿದ್ದೆ, ಅಷ್ಟರಲ್ಲಿ ಅವಳು ದನಿ ತಗ್ಗಿಸಿದಳು.

"ಹೇಳ್ಬೇಕೋ ಬೇಡ್ವೋ ಗೊತ್ತಿಲ್ಲ ಕಣ್ರೀ. ಹೇಳ್ದೆ ಇದ್ರೆ ನಂಗೆ ಊಟ ಸೇರಲ್ಲ."

"ಹೇಳ್ಬುಡು."

"ಶನಿವಾರ ಮಧ್ಯಾಹ್ನ ಸ್ವಾಮಿಯವರು ಗಂಗೋತ್ರಿ ಹತ್ರ ಮರದ ಕೆಳಗೆ ನಿಂತಿದ್ರು. ಒಂದು ಹುಡುಗಿ ಜೊತೆ. ಹೋದ ತಿಂಗಳೂ ಅಲ್ಲೇ ಕಂಡಿದ್ರು, ಆಗ ಒಬ್ರೇ ಇದ್ರು. ಈ ಸಲ ಅವಳು ಏನೋ ಹೇಳ್ತಾ ಇದ್ಲು, ಇವ್ರು ಅವಳ ಮುಖ ಬುಟ್ಟು ಕಣ್ಣು ತೆಗೀದೆ ನೋಡ್ತಾ ಇದ್ರು. ತಲೆ ಆಡಿಸ್ತಾ ಇದ್ರು. ನಾನು ನಮಸ್ಕಾರ ಸಾರ್ ಅಂತ ಪಕ್ಕದಲ್ಲೇ ಕೂಗಿದ್ರೂ ತಿರುಗಿ ನೋಡ್ಲಿಲ್ಲ ಕಣ್ರೀ! ಬೆಂಕಿ ಇಲ್ದೆ ಹೊಗೆ ಆಡುತ್ತಾ?"

ಶನಿವಾರ ಯೂನಿಯನ್ ಮೀಟಿಂಗು ಎಂದು ನನಗೆ ಹೇಳಿ ಹೋಗುತ್ತಿದ್ದರು. ನನ್ನ ಕೈಯಲ್ಲಿದ್ದ ಟೇಪು ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಯಶೋಧಾ ನನ್ನನ್ನು ಕೂರಿಸಿ ನೀರು ಕೊಟ್ಟಳು. ಹದಿನೆಂಟು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ. ಸಿಟ್ಟಿನಲ್ಲಿ ಏನೇನೋ ಅಂದಿದ್ದೇನೆ, ಆದರೆ ಇವರ ಮೇಲೆ ಆ ತರಹದ ಅನುಮಾನ ಒಂದು ದಿನಕ್ಕೂ ಬಂದಿರಲಿಲ್ಲ. ಈಗ ಬಂತು. ಬಂದ ಮೇಲೆ ಹೋಗಲಿಲ್ಲ.

ಆ ಸಂಜೆಯೇ ಬಸ್ಸು ಹತ್ತಿ ಹಿನಕಲ್ಲಿಗೆ ಹೋಗಿ ಪ್ರೇಮಲೀಲಾ ಮೇಡಂ ಮನೆಯ ಬಾಗಿಲು ಬಡಿದೆ. ಅವರು ನನ್ನನ್ನು ನೋಡಿ ಬೆರಗಾದರು. ಪದ್ಯದ ವಿಷಯ ಕೇಳಲು ಒಬ್ಬ ಹೆಂಗಸು ಬಸ್ಸು ಹತ್ತಿ ಬಂದಿದ್ದು ಅವರ ಸರ್ವಿಸ್ಸಿನಲ್ಲೇ ಮೊದಲಂತೆ.

"ಮೇಡಂ, ನೇರವಾಗಿ ಹೇಳಿಬುಡಿ. ಆ ಆಚೆ ದಡದವಳು ನಿಜವಾಗಿ ಇದಾಳಾ, ಇಲ್ವಾ?"

"ಹಂಗೆಲ್ಲ ಕೇಳ್ಬಾರ್ದಮ್ಮ. ಪದ್ಯದೊಳಗೆ ಕವಿಯ ಮನೆಮಠ ಹುಡುಕ್ಬಾರ್ದು. ಅವಳು ಪ್ರತಿಮೆ."

"ಪ್ರತಿಮೆ ಗಂಗೋತ್ರಿ ಹತ್ರ ಮರದ ಕೆಳಗೆ ನಿಂತಿರುತ್ತಾ ಮೇಡಂ?"

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲೂ ಇಲ್ಲ, ಮರ್ಯಾದೆ ಪ್ರಶ್ನೆ. "ಒಳ್ಳೆ ಪದ್ಯದಲ್ಲಿ ಕಡಲು ಕಡಲಾಗೇ ಇರೋದು ಅಪರೂಪ ಕಣಮ್ಮ. ನೀವು ತೀರ ವಾಚ್ಯಾರ್ಥಕ್ಕೆ ಅಂಟ್ಕೋಬೇಡಿ" ಎಂದು ಕಾಫಿ ಕೊಟ್ಟು ಕುಂಕುಮ ಹಚ್ಚಿ ಕಳಿಸಿದರು. ವಾಚ್ಯಾರ್ಥ ಎಂದರೆ ಮಾತು ಹೇಗಿದೆಯೋ ಹಾಗೇ ಹಿಡಿಯುವ ಅರ್ಥವಂತೆ, ಬಸ್ಸಿನಲ್ಲಿ ಶಿವಾನಿಗೆ ಫೋನ್ ಮಾಡಿ ಕೇಳಿಕೊಂಡೆ. ಗಂಡ ಬೇರೆಯವಳು ಕರೆಯುತ್ತಾಳೆ ಎಂದು ಬರೆದರೆ ಹೆಂಡತಿ ಅದನ್ನು ಇನ್ನು ಹೇಗೆ ಹಿಡಿಯಬೇಕು?

ಅವತ್ತಿನಿಂದ ಮೂರು ದಿನ ನಾನು ಇವರ ಜೊತೆ ಮಾತು ಬಿಟ್ಟೆ. ನಾನು ಮಾತು ಬಿಡುವುದೆಂದರೆ ಸಾಮಾನ್ಯವೇ? ಬೀದಿಯವರೇ ಮೈ ಹುಷಾರಿಲ್ಲವಾ ಎಂದು ವಿಚಾರಿಸಿದರು. ಇವರಿಗೆ ಮಾತ್ರ ಏನೂ ಅನ್ನಿಸಲಿಲ್ಲ. ತಟ್ಟೆ ಕುಕ್ಕಿದರೂ ಹೂಂ, ಬಾಗಿಲು ದಢಾರನೆ ಹಾಕಿದರೂ ಹೂಂ. ಒಂದು ರೀತಿಯಲ್ಲಿ ಹಗುರಾಗಿದ್ದ ಹಾಗೂ ಕಂಡರು. ನನ್ನ ಮೌನ ಅವರಿಗೆ ನೆಮ್ಮದಿಯಾಗಿದೆ ಎಂದು ತಿಳಿದಾಗ ನನ್ನ ಎದೆ ಒಡೆಯಿತು. ನಿಜ ಹೇಳುತ್ತೇನೆ, ಸಿಟ್ಟಿಗಿಂತ ಭಯವೇ ಜಾಸ್ತಿಯಾಗಿತ್ತು. ಈ ಮನುಷ್ಯ ಹೋಗಿಬಿಟ್ಟರೆ ನಾನು ಯಾರನ್ನು ಬೈದುಕೊಂಡು ಬದುಕಲಿ?

ಭಾನುವಾರ ಇವರಿಗೆ ಓವರ್‌ಟೈಮ್ ಇತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಬಂದರು. ಶಿವಾನಿ ಗೆಳತಿಯ ಮನೆಗೆ ಹೋಗಿದ್ದಳು. ಮಾವನವರು ನಡುಮನೆಯಲ್ಲಿ ಪೇಪರು ಹಿಡಿದು ತೂಕಡಿಸುತ್ತಿದ್ದರು. ಇವರು ಎಂದಿನ ಹಾಗೆ ಹಿತ್ತಲಿನ ನಲ್ಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕೂತು, ಬೆನ್ನು ನನ್ನ ಕಡೆಗೆ ಮಾಡಿಕೊಂಡು, ಟಿಫನ್ ಕ್ಯಾರಿಯರ್ ಬೆಳಗಲು ಶುರುಮಾಡಿದರು. ನಾನು ಬೇಡವೆಂದರೂ ತಮ್ಮ ಡಬ್ಬಿಯನ್ನು ತಾವೇ ಬೆಳಗುತ್ತಾರೆ. ಇಂಥ ಒಳ್ಳೆಯತನಕ್ಕೇನೂ ಕಡಿಮೆಯಿಲ್ಲ, ಅದೇ ನನಗೆ ಇನ್ನಷ್ಟು ಉರಿ.

ನಾನು ಹಿತ್ತಲ ಬಾಗಿಲಲ್ಲಿ ನಿಂತು ಆ ಬೆನ್ನನ್ನು ನೋಡಿದೆ. ಮೂರು ದಿನದ ಮಾತು ಒಟ್ಟಿಗೆ ಹೊರಗೆ ಬಂತು.

"ಯಾರ್ರೀ ಅವಳು? ಈಗ ಹೇಳ್ಬುಡಿ. ಗಂಗೋತ್ರಿ ಹತ್ರ ಯಾರ ಮುಖ ನೋಡ್ಕೊಂಡು ನಿಂತಿದ್ರಿ? ಯೂನಿಯನ್ ಮೀಟಿಂಗಾ ಅದು? ಊರೋರ ಮುಂದೆ ಮೈಕಲ್ಲಿ ಅವಳು ಕರೀತಾಳೆ ಅಂತ ಹೇಳೋಕೆ ನಾಚಿಕೆ ಆಗ್ಲಿಲ್ವಾ? ನಾನು ಮುಂದಿನ ಸಾಲಲ್ಲೇ ಕೂತಿದ್ದೆ, ನಾನೇನು ಸತ್ತೋಗಿದ್ನಾ?"

ಬೆನ್ನು ಕದಲಲಿಲ್ಲ. ಕ್ಯಾರಿಯರಿನ ಮುಚ್ಚಳ ಮೆಲ್ಲಗೆ ತಿರುಗುತ್ತಿತ್ತು.

"ಮಾತಾಡಲ್ಲ ಅಲ್ವಾ? ಆಯ್ತು. ನಾನು ಶಿವಾನಿನ ಕರ್ಕೊಂಡು ಉದಯಗಿರಿಗೆ ಅಕ್ಕನ ಮನೆಗೆ ಹೋಗ್ತೀನಿ. ಇವತ್ತೇ ಹೋಗ್ತೀನಿ. ಮತ್ತೆ ಕರೆಯೋಕೆ ಬರ್ಬೇಡಿ. ನೀವು ಸತ್ರೂ ನಾನು ಬಂದು ಮುಖ ನೋಡಲ್ಲ!"

ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಎಂಥ ಜಗಳದಲ್ಲೂ ನಮ್ಮ ಮನೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ನಡುಮನೆಯಿಂದ ಮಾವನವರು "ಏನಾಯ್ತಮ್ಮ? ಏನದು ಕೂಗಾಟ?" ಎಂದು ಗಾಬರಿಯಿಂದ ಕೇಳುತ್ತಿದ್ದರು.

ಅಷ್ಟು ಹೊತ್ತಿಗೆ ಇವರು ಕ್ಯಾರಿಯರ್ ಒದರಿ ಎದ್ದು ತಿರುಗಿದರು. ನನ್ನನ್ನು ಕಂಡರು. ನಾನು ಅಲ್ಲಿದ್ದೇನೆ ಎಂದು ಆಗಷ್ಟೇ ತಿಳಿದವರ ಹಾಗೆ ಒಂದು ಕ್ಷಣ ಬೆಚ್ಚಿದರು. ಆಮೇಲೆ ಮೆಲ್ಲಗೆ ನಕ್ಕು ತಲೆಯಾಡಿಸಿದರು.

"ಹೂಂ. ಆಯ್ತು, ಹಂಗೇ ಮಾಡು."

ಹಂಗೇ ಮಾಡು? ಹೆಂಡತಿ ಮನೆ ಬಿಟ್ಟು ಹೋಗುತ್ತೇನೆ ಎಂದರೆ ಹಂಗೇ ಮಾಡು? ಅಳು ಒತ್ತರಿಸಿ ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಸೆರಗಿನ ಹಿಂದಿನಿಂದಲೇ ಕೇಳಿದೆ, "ಹೋಗ್ಲಾ ಹಾಗಾದ್ರೆ?"

ಇವರು ನನ್ನ ಕಣ್ಣೀರು ಕಂಡು ಹತ್ತಿರ ಬಂದರು. ಮುಖ ಕಳವಳದಿಂದ ಚಿಕ್ಕದಾಗಿತ್ತು. ನನ್ನ ಭುಜದ ಮೇಲೆ ಒದ್ದೆ ಕೈ ಇಟ್ಟು, "ಹೂಂ, ಹೂಂ" ಎಂದರು. ಸಮಾಧಾನ ಮಾಡುವ ದನಿಯಲ್ಲಿ.

ಕೈ ಒಂದು ಹೇಳುತ್ತಿತ್ತು, ಬಾಯಿ ಇನ್ನೊಂದು ಹೇಳುತ್ತಿತ್ತು. ಹೆಂಡತಿಯನ್ನು ಓಡಿಸುವ ಗಂಡಸಿನ ಮುಖವಲ್ಲ ಅದು. ನನ್ನ ಅಳು ಅಲ್ಲೇ ನಿಂತಿತು. ಸೆರಗನ್ನು ಬಾಯಿಂದ ತೆಗೆಯಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿಕೊಂಡು, ಸಾಧಾರಣ ದನಿಯಲ್ಲಿ ಹೇಳಿದೆ.

"ಮನೆಗೆ ಬೆಂಕಿ ಬಿದ್ದಿದೆ ಕಣ್ರೀ."

"ಆಯ್ತು ಬುಡು" ಎಂದರು. "ಆಮೇಲೆ ನೋಡೋಣ."

ನಡುಮನೆಯಿಂದ ಮಾವನವರು, "ಬೆಂಕಿನಾ? ಎಲ್ಲಿ? ಎಲ್ಲಿ?" ಎಂದು ಕುರ್ಚಿ ಎಳೆದುಕೊಂಡು ಏಳುವ ಸದ್ದು ಕೇಳಿಸಿತು. ಎಂಬತ್ತು ದಾಟಿದ ಮುದುಕರಿಗೆ ಎರಡು ಗೋಡೆಯಾಚೆ ಕೇಳಿಸಿದ ಮಾತು ನನ್ನ ಎದುರಿಗೆ, ಮೊಳದೂರದಲ್ಲಿ ನಿಂತ ಇವರಿಗೆ ಕೇಳಿಸಿರಲಿಲ್ಲ.

ಪದ್ಯದ ಸಾಲುಗಳು ಒಂದೊಂದಾಗಿ ತಾವೇ ಬಂದು ನನ್ನ ಮುಂದೆ ನಿಂತವು. ಉಣ್ಣುವಾಗಲೂ ಮೊರೆತ, ಮಲಗಿದರೂ ಮೊರೆತ. ಮೊಗ ಕಾಣುತ್ತದೆ, ಮಾತು ಮುಳುಗುತ್ತದೆ. ಎಲ್ಲಕ್ಕೂ ಹೂಂ. ಅಯ್ಯೋ ನನ್ನ ಶಿವನೇ! ಅದರಲ್ಲಿ ಬಿಡಿಸಿ ನೋಡಲು ಏನಿತ್ತು? ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದರು. ಆಚೆ ದಡದಲ್ಲಿ ನಿಂತು ದಿನವೂ ಬಾಯಿ ಬಡಿದುಕೊಳ್ಳುತ್ತಿದ್ದವಳು ನಾನೇ.

"ಏನೂ ಇಲ್ಲ ಮಾವ, ನೀವು ಕೂತ್ಕೊಳಿ!" ಎಂದು ಒಳಗೆ ಕೂಗಿ, ಸೆರಗು ಇಳಿಸಿ, ಇವರ ಗಲ್ಲ ಹಿಡಿದು ನನ್ನ ಕಡೆಗೆ ತಿರುಗಿಸಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ಕೇಳಿದೆ.

"ಕಿವಿ ಕೇಳ್ಸಲ್ವಾ?"

ಹೂಂ ಎನ್ನಲು ತಲೆ ಎತ್ತಿದವರು ಅಲ್ಲಿಗೇ ನಿಂತರು. ನನ್ನ ತುಟಿಯನ್ನೇ ನೋಡಿದರು. ಮುಖದ ಬಣ್ಣ ಇಳಿದುಹೋಯಿತು. ಮೆಲ್ಲಗೆ ಹಿತ್ತಲ ಮೆಟ್ಟಿಲ ಮೇಲೆ ಕೂತರು. ನಾನು ಎದುರಿಗೆ, ನೆಲದ ಮೇಲೆ ಕೂತೆ. ಹತ್ತಿರ ಕೂತು ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದರೆ ಅರ್ಧ ಕಿವಿಗೆ, ಅರ್ಧ ಕಣ್ಣಿಗೆ ಸಿಗುತ್ತಿತ್ತು.

"ಯಾವಾಗಿಂದ?"

"ಮೊದ್ಲು ಸೊಳ್ಳೆ ಗುಂಯ್‌ಗುಟ್ಟಿದ ಹಂಗೆ ಇತ್ತು. ಡ್ಯೂಟಿ ಮುಗಿಸಿ ಬಂದ್ಮೇಲೆ ಹೋಗ್ತಿತ್ತು. ಆಮೇಲೆ ಹೋಗೋದು ನಿಂತೋಯ್ತು. ಈಗ ಒಂದೇ ಸಮ ಮೊರೀತದೆ, ಹಗಲೂ ರಾತ್ರಿ. ಒಂದಿನ ಟಿ.ವಿ.ಲಿ ಸಮುದ್ರ ತೋರಿಸ್ತಿದ್ರು, ಶಿವಾನಿ ಸೌಂಡ್ ಜಾಸ್ತಿ ಮಾಡಿದ್ಲು. ಅಯ್ಯೋ, ಇದೇ ಅಲ್ವಾ ನನ್ನ ಕಿವೀಲಿರೋದು ಅನ್ನಿಸ್ತು."

"ನಂಗೆ ಯಾಕೆ ಹೇಳ್ಲಿಲ್ಲ?"

ಇವರು ಕ್ಯಾರಿಯರಿನ ಹಿಡಿಯನ್ನು ಮೇಲೆ ಕೆಳಗೆ ಮಾಡುತ್ತ ಕೂತರು. "ನಮ್ ಫ್ಯಾಕ್ಟ್ರೀಲಿ ಸಿದ್ದಮಲ್ಲಪ್ಪ ಅಂತ ಇದ್ದ. ಕಿವಿ ಹೋಗಿತ್ತು. ಎಲ್ರೂ ಅವನ ಬೆನ್ನ ಹಿಂದೆ ನಿಂತು ಬೈಯೋರು, ಅವನು ತಿರುಗಿ ನೋಡಿ ನಗೋನು. ಆಗ ಇನ್ನೂ ನಗೋರು. ನಾನೂ ನಗ್ತಿದ್ದೆ ಸುಷ್ಮಾ. ಆಮೇಲೆ ಮಿಷಿನ್‌ನಿಂದ ತೆಗೆದು ಕಸ ಗುಡಿಸೋಕೆ ಹಾಕಿದ್ರು. ನಿನ್ನ ಮುಂದೆ ಹೆಂಗೆ ಹೇಳ್ಲಿ? ನೀನು ಇಷ್ಟು ಮಾತಾಡೋಳು, ನಾನು ಕಿವುಡ ಅಂದ್ರೆ..."

ಕ್ಯಾರಿಯರನ್ನು ಪಕ್ಕಕ್ಕೆ ಇಟ್ಟರು. ಮುಂದಿನದನ್ನು ಕೇಳಲು ನನಗೆ ಧೈರ್ಯ ಬರಲಿಲ್ಲ.

"ಗಂಗೋತ್ರಿ ಹತ್ರ ಯಾರು ಆ ಹುಡುಗಿ?"

"ಕಿವಿ ಆಸ್ಪತ್ರೆ ಇದೆಯಲ್ಲ ಅಲ್ಲಿ. ಗೇಟ್ ತಂಕ ಹೋಗ್ತೀನಿ, ಒಳಗೆ ಹೋಗೋಕೆ ಕಾಲೇ ಬರಲ್ಲ. ಆ ಹುಡುಗಿ ಅಲ್ಲಿ ಓದೋಳಿರ್ಬೇಕು. ಹೋದ ವಾರ ಶನಿವಾರ ಬಂದು, ಅಂಕಲ್ ಯಾರಿಗೆ ತೋರಿಸ್ಬೇಕಿತ್ತು ಅಂತ ಕೇಳ್ತು. ನಮ್ ಮನೆಯವ್ರಿಗೆ ಅಂದ್ಬುಟ್ಟೆ."

"ನಂಗಾ!" ನಾನು ಕಿರುಚಿದೆ. "ನಂಗೇನಾಗಿದೆ ರೋಗ!"

ಈ ಮಾತು ಅವರಿಗೆ ಪೂರ್ತಿ ಕೇಳಿಸಿತೋ, ಮುಖ ನೋಡಿಯೇ ತಿಳಿಯಿತೋ, ನಕ್ಕುಬಿಟ್ಟರು. ನನಗೂ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಎರಡೂ ಒಟ್ಟಿಗೆ ಬಂದು ಕೆಮ್ಮು ಹತ್ತಿತು. ಅವರು ನನ್ನ ಬೆನ್ನು ಸವರಿದರು.

"ಬಾಯಲ್ಲಿ ಹೇಳೋಕೆ ಆಗ್ಲಿಲ್ಲ ಅಂತ ಪದ್ಯದಲ್ಲಿ ಹೇಳ್ದೆ" ಎಂದರು ಆಮೇಲೆ. "ಎಲ್ರ ಮುಂದೆ ಓದಿದ್ರೆ ಯಾರಾದ್ರೂ ಒಬ್ರು ಬಂದು, ಏನ್ ಸ್ವಾಮಿ, ಕಿವಿ ಸರಿಯಿಲ್ವಾ ಅಂತಾರೆ ಅಂದ್ಕೊಂಡಿದ್ದೆ. ಒಬ್ರೂ ಕೇಳ್ಲಿಲ್ಲ. ಎಲ್ರೂ ಚಪ್ಪಾಳೆ ಹೊಡೆದ್ರು. ಅದೂ ಕೇಳ್ಸಲಿಲ್ಲ ನಂಗೆ, ಕೈ ಆಡೋದು ಕಾಣ್ತು ಅಷ್ಟೇ."

ಒಂಟಿತನ ಅಂದರು, ಮುಕ್ತಿ ಅಂದರು, ಬೇರೆ ಹೆಂಗಸು ಅಂದೆ. ನಾವೆಲ್ಲ ಸೇರಿ ಆ ಪದ್ಯಕ್ಕೆ ಎಷ್ಟು ಅರ್ಥ ಹಚ್ಚಿದೆವೆಂದರೆ, ಪಾಪ, ಒಬ್ಬ ಮನುಷ್ಯ ನನಗೆ ಕಿವಿ ಕೇಳಿಸುತ್ತಿಲ್ಲ ಎಂದು ಮೈಕಿನಲ್ಲಿ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಅದನ್ನು ಹೇಳಿಕೊಳ್ಳಲು ಅವರಿಗೆ ಎರಡು ವರ್ಷ ಬೇಕಾಗಿತ್ತು. ನನಗೆ ನನ್ನ ಮೇಲೇ ಎಂಥ ಕೋಪ ಬಂತೆಂದರೆ, ನಲ್ಲಿಯ ಕೆಳಗಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ಕಾಲಿನಿಂದ ಒದ್ದೆ. ಅದು ಉರುಳಿ ಹೋಗಿ ಕಾಂಪೌಂಡಿಗೆ ಬಡಿಯಿತು. ಇವರು ಅದು ಉರುಳುವುದನ್ನು ನೋಡಿದರು.

ಆಮೇಲೆ ಇವರಿಗೆ ಏನೋ ಹೊಳೆಯಿತು. ನನ್ನ ಕಡೆ ಬಾಗಿ ಕೇಳಿದರು.

"ಆಗ್ಲೇ ನಾನು ಡಬ್ಬಿ ತೊಳೀತಿದ್ದಾಗ ಹಿಂದೆ ನಿಂತು ಏನೋ ಹೇಳ್ತಿದ್ದೆ ಅಲ್ವಾ? ನಾನು ಆಯ್ತು, ಹಂಗೇ ಮಾಡು ಅಂದೆ. ಏನದು?"

ನೀವು ಸತ್ತರೂ ಮುಖ ನೋಡುವುದಿಲ್ಲ ಎಂದೆ ಎಂದು ಹೇಗೆ ಹೇಳಲಿ? ಅದೂ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಬಿಡಿಸಿ? ಹುಟ್ಟಿದಾಗಿನಿಂದ ಮಾತಿಗೆ ತಡವರಿಸದವಳು ಅವತ್ತು ತಡವರಿಸಿದೆ. ಇವರು ನನ್ನ ತುಟಿಯನ್ನೇ ನೋಡುತ್ತ ಕಾಯುತ್ತಿದ್ದರು.

"ನಾಳೆ ಇಬ್ರೂ ಆಸ್ಪತ್ರೆಗೆ ಹೋಗೋಣ ಅಂದೆ" ಎಂದೆ. "ಗೇಟ್ ದಾಟಿ ಒಳಗೆ ಹೋಗೋಣ ಅಂದೆ. ನೀವು ಆಯ್ತು ಅಂದಿದ್ದೀರ. ಈಗ ಮಾತು ತಪ್ಪೋ ಹಂಗಿಲ್ಲ."

ಇವರು ದಡ್ಡರಲ್ಲ. ತಾವು ನಲ್ಲಿಯ ಹತ್ತಿರ ಕೂತಿದ್ದಾಗ ನನಗೆ ಆಸ್ಪತ್ರೆಯ ವಿಷಯವೇ ಗೊತ್ತಿರಲಿಲ್ಲ ಎನ್ನುವುದು ಅವರಿಗೆ ತಿಳಿಯದೆ ಇರುತ್ತದೆಯೇ? ತುಟಿ ಬಿಟ್ಟು ನನ್ನ ಕಣ್ಣು ನೋಡಿದರು.

"ಅಷ್ಟೇನಾ? ತಿರುಗಿದಾಗ ನಿನ್ನ ಮುಖ ನೋಡಿದ್ರೆ ತುಂಬ ಹೊತ್ತು ಹೇಳ್ದಂಗಿತ್ತು."

"ನಾನು ಯಾವತ್ತು ಕಮ್ಮಿ ಹೊತ್ತು ಮಾತಾಡಿದೀನಿ?"

"ಹೂಂ" ಎಂದರು.

"ಹೂಂ ಅಲ್ಲ! ಇನ್ಮೇಲೆ ಈ ಮನೇಲಿ ಹೂಂ ನಡೆಯಲ್ಲ. ನಾನು ಏನಂದೆ ಹೇಳಿ ನೋಡೋಣ."

ಇವರು ಶಾಲೆಯ ಹುಡುಗನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತು, ನಿಧಾನವಾಗಿ ಒಪ್ಪಿಸಿದರು. "ನಾಳೆ ಇಬ್ರೂ ಆಸ್ಪತ್ರೆಗೆ ಹೋಗೋಣ. ಗೇಟ್ ದಾಟಿ ಒಳಗೆ ಹೋಗೋಣ."

ಒಂದಕ್ಷರ ತಪ್ಪಿರಲಿಲ್ಲ. ಎರಡು ವರ್ಷದಲ್ಲಿ ನಾನಾಡಿದ ಸಾವಿರಾರು ಮಾತುಗಳಲ್ಲಿ ಪೂರ್ತಿಯಾಗಿ ಅವರಿಗೆ ತಲುಪಿದ್ದು ಅದೊಂದೇ ಇರಬೇಕು. ಅದೂ ಸುಳ್ಳು.